ಒಳಸುತ್ತು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಝುಬೈದಾ ಎಲೆಕ್ಟ್ರಾನಿಕ್ಸ್.
ಝುಬೈದಾ ಅಂದರೆ ನಾನೇ.
ಬೋರ್ಡು ಬರೆಸುವಾಗ ನನಗೆ ಆರು ವರ್ಷ,
ಬಾಪನಿಗೆ ರೇಡಿಯೊಗಳ ಮೇಲೆ ಇನ್ನೂ ನಂಬಿಕೆ.

ಸಂತೆಯ ಭಾನುವಾರ, ಮೆಣಸಿನ ಗೋಣಿಗಳ ನಡುವೆ
ದಾರಿ ಮಾಡಿಕೊಂಡು ಬಂದರು ಹವಾಲ್ದಾರ್ ಮಾಚಯ್ಯ.
ಹಳೆ ಬನಿಯನ್ನಿನಲ್ಲಿ ಸುತ್ತಿ ತಂದದ್ದು
ಕರಿ ತಳದ ಡಿಸ್ಕು, ಒಂದೇ ಒಂದು.
ಜಬಲ್‌ಪುರದಲ್ಲಿದ್ದಾಗ ಮಿಷನ್ನಿನ ಜೊತೆಗೆ ಕೊಂಡದ್ದು,
ಇಪ್ಪತ್ತಮೂರು ವರ್ಷದ ಹಿಂದೆ.
ಮೀನು ಹಿಡಿಯುವ ಆಟ.

‘ಗುಂಡು ಹಾರಿಸುವುದಿಲ್ಲವೇ ಅಂಕಲ್?’ ಕೇಳಿದೆ.
‘ಅದಕ್ಕೆ ಸಂಬಳ ಕೊಡುತ್ತಿದ್ದರು’ ಅಂದರು.

‘ಇನ್ನೊಂದು ಮಾಡಿಕೊಡು. ಅಸಲು ಕಪಾಟಿನಲ್ಲಿರಲಿ, ನಕಲು ತಿರುಗಲಿ.
ಕಳ್ಳತನವಾಗುತ್ತದೆಯೇ?’
ಮಾರಲಿಕ್ಕಲ್ಲವಲ್ಲ, ಅಂದೆ.
ಬಿತ್ತನೆಗೆ ಎತ್ತಿಟ್ಟ ಭತ್ತವನ್ನು ಕದ್ದದ್ದು ಅನ್ನುತ್ತಾರೆಯೇ?
(ಕಾನೂನು ಬೇರೇನೋ ಹೇಳೀತು.
ಕಾನೂನಿನ ಬಿಡಿಭಾಗ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ.)

ಡಿಸ್ಕನ್ನು ಕೌಂಟರಿನ ಮೇಲೆ ಇಡುವಾಗ ಕಂಡೆ:
ಕೈ ನಡುಗುತ್ತಿತ್ತು. ಅಂಚು ಗಾಜಿಗೆ ಟಕಟಕ ತಾಗಿತು.
ಗೀರುಗಳು ಎಲ್ಲಿಂದ ಬಂದವೆಂದು ಕೇಳಲಿಲ್ಲ.

ನಡುವಿನಿಂದ ಅಂಚಿಗೆ, ನೇರ ನೇರ ಒರೆಸಬೇಕು;
ಸುತ್ತಿ ಒರೆಸಿದರೆ ಗೀರು
ಅಕ್ಷರಗಳ ದಾರಿಯನ್ನೇ ಹಿಡಿದು ಓಡುತ್ತದೆ.
ಓದಿಸಿದೆ ನಿಧಾನ, ನಾಲ್ಕರ ವೇಗದಲ್ಲಿ.
ಒಂದು ಕಡೆ ಡ್ರೈವು ತೊದಲಿತು, ಹಿಂದೆ ಹೋಯಿತು, ಮತ್ತೆ ಓದಿತು,
ಮದ್ರಸಾದ ಮೊದಲ ವಾರದ ಹುಡುಗನ ಹಾಗೆ.
ಖಾಲಿ ಡಿಸ್ಕು ಅರ್ಧ ತುಂಬಿತ್ತು, ಅಷ್ಟರಲ್ಲಿ
ತಿತಿಮತಿ ಕಡೆ ಆನೆ ಕಂಬ ಉರುಳಿಸಿ ಕರೆಂಟು ಹೋಯಿತು.
ಆ ಡಿಸ್ಕು ಈಗ ನನ್ನ ಚಹಾ ಲೋಟದ ಕೆಳಗಿದೆ.

ಎರಡನೆಯದು ಪೂರಾ ಆಯಿತು.
ಸೊನ್ನೆ ಸೊನ್ನೆಯಾಗಿ, ಒಂದು ಒಂದಾಗಿ,
ಸರೋವರ, ಜೊಂಡು, ದೋಣಿ, ಮೀನಿನ ಕಣ್ಣು ಸಮೇತ.
ಮಿಷನ್ನು ಒಪ್ಪಲಿಲ್ಲ.

ಯಾಕೆಂದರೆ ಅಸಲಿನ ಒಳಸುತ್ತಿನಲ್ಲಿ,
ಆಟ ಶುರುವಾಗುವ ಮೊದಲೇ,
ಕಾರ್ಖಾನೆಯವರು ಬೇಕೆಂದೇ ಇಟ್ಟ ಒಂದು ನಡುಕವಿದೆ.
ಕೂದಲೆಳೆಗೂ ಕಡಿಮೆ, ಜಾಡು ಅತ್ತಿತ್ತ ತೊನೆಯುತ್ತದೆ.
ಮಿಷನ್ನು ಮೊದಲು ಹುಡುಕುವುದು ಅದನ್ನೇ.
ನನ್ನ ಬರ್ನರಿಗೆ ನಡುಗಲು ಬರುವುದಿಲ್ಲ;
ನೆಟ್ಟಗೆ ಬರೆಯುತ್ತದೆ, ಅದಕ್ಕೇ ಸಿಕ್ಕಿಬೀಳುತ್ತದೆ.

ಮಾಚಯ್ಯನವರು ಕೇಳಿ ಬಹಳ ಹೊತ್ತು ನಕ್ಕರು.
ಸ್ಟೂಲು ಎಳೆದು ಕೂತು ಮತ್ತೆ ನಕ್ಕರು.
‘ಮೊನ್ನೆ ಬ್ಯಾಂಕಿನಲ್ಲಿ ಪಿಂಚಣಿ ಚೀಟಿ ವಾಪಸು ಕೊಟ್ಟರು.
ರುಜು ನಡುಗಿದೆ, ನಿಮ್ಮದಲ್ಲ, ಅಂದರು.
ಈ ಮಿಷನ್ನನ್ನು ಒಯ್ದು ಆ ಕೌಂಟರಿನಲ್ಲಿ ಕೂರಿಸು.’

ಆಮೇಲೆ ಮಿಷನ್ನಿನ ಹೊಟ್ಟೆ ಬಿಚ್ಚಿ
ಒಂದು ಚಿಪ್, ಕಾಫಿಬೀಜದಷ್ಟೂ ಇಲ್ಲದ್ದು,
ನಾಲ್ಕು ತಂತಿ, ಬೆಸುಗೆ. ಅದರ ಕೆಲಸ ಒಂದೇ:
ಹೌದು ನಡುಗುತ್ತಿದೆ, ಹೌದು ನಡುಗುತ್ತಿದೆ,
ಎಂದು ಪಿಸುಗುಡುತ್ತಿರುವುದು.

ನಕಲಿನ ಮೇಲೆ ಏನು ಬರೆಯಲಿ, ಕೇಳಿದೆ.
ಮಾರ್ಕರು ಕಸಿದುಕೊಂಡು ತಾವೇ ರುಜು ಹಾಕಿದರು,
ಬ್ಯಾಂಕು ಒಪ್ಪದ ಅದೇ ರುಜು,
ಡಿಸ್ಕಿನ ಈ ಅಂಚಿನಿಂದ ಆ ಅಂಚಿನವರೆಗೆ.

ಅಂಗಡಿಯ ಟಿವಿಯಲ್ಲಿ ಸರೋವರ ತೆರೆಯಿತು. ಗಾಳ ಬಿತ್ತು.
ಸಂತೆಗೆ ಬಂದ ಇಬ್ಬರು ನಿಂತು ನೋಡಿದರು, ಹೆಗಲ ಗೋಣಿ ಇಳಿಸದೆ.
ಮೀನು ಕಚ್ಚಿದರೆ ಕೈಯಲ್ಲಿನ ಪ್ಯಾಡು ಗುರ್ರೆಂದು ನಡುಗಬೇಕು.
‘ಇದೇ ನೋಡು ಕಷ್ಟ’ ಅಂದರು, ದನಿ ತಗ್ಗಿಸಿ.
‘ಈಚೆಗೆ ಗೊತ್ತಾಗುವುದಿಲ್ಲ, ಮೀನೋ, ನಾನೋ.
ಕೈ ಇಡು ಇಲ್ಲಿ.’

ಅವರ ಮುಷ್ಟಿಯ ಮೇಲೆ ಇಟ್ಟೆ.
ಬೆಸುಗೆಯ ಬಿಸಿ ಇನ್ನೂ ಬೆರಳಲ್ಲಿತ್ತು.
ಏನೋ ನಡುಗಿತು.
‘ಮೀನು’ ಅಂದೆ.
ಎಳೆದರು.