ಇಪ್ಪತ್ನಾಲ್ಕು ಕಿಲೋಬಿಟ್

ಡೊಂಬಿವಲಿಯಿಂದ ಏಳೂ ನಲವತ್ತೆರಡರ ಫಾಸ್ಟು.
ಲೇಡೀಸ್ ಡಬ್ಬಿಯ ಕಂಬಕ್ಕೆ ಮೊಣಕೈ ಕೊಟ್ಟು
ಒಂದೇ ಕಿವಿಗೆ ತಂತಿ ಸಿಕ್ಕಿಸಿದ್ದೇನೆ.
ಇನ್ನೊಂದು ಕಿವಿ ಜಗಳಕ್ಕೆ, ಮುಂದಿನ ಸ್ಟೇಷನ್ನಿಗೆ ಬೇಕು.

ಧಾರವಾಡದ ಯಾವುದೋ ಮಹಡಿ ಕೋಣೆಯಿಂದ
ದಿನಾ ಈ ಹೊತ್ತಿಗೆ ಒಬ್ಬರು ಪತ್ರಿಕೆ ಓದುತ್ತಾರೆ,
ಹಾಡಿಲ್ಲ, ಜಾಹೀರಾತಿಲ್ಲ, ಬರೀ ಮಾತು.
ಆ್ಯಪು ಕೇಳುತ್ತದೆ: ಎಷ್ಟು ಬೇಕು?
ನೂರಿಪ್ಪತ್ತೆಂಟೋ, ಅರವತ್ನಾಲ್ಕೋ, ಇಪ್ಪತ್ನಾಲ್ಕೋ
ಹಾಲಿನವನು ಕೇಳಿದ ಹಾಗೆ,
ಲೀಟರೋ, ಅರ್ಧವೋ, ಪಾವೋ.

ಮೊದಲು ಹೆಚ್ಚೇ ಇಟ್ಟಿದ್ದೆ.
ಗಾಡಿ ಪಾರ್ಸಿಕ್ ಸುರಂಗಕ್ಕೆ ನುಗ್ಗಿತೋ
ಮಂತ್ರಿಯ ಹೆಸರು ಅರ್ಧಕ್ಕೆ ತುಂಡು.
ದೊಡ್ಡ ದನಿಗೆ ಕಟ್ಟಿಕೊಂಡ ಬುತ್ತಿ ಬೇಗ ತೀರುತ್ತದೆ;
ಸಣ್ಣದು ಅದೇ ಬುತ್ತಿಯನ್ನು ತಡೆತಡೆದು ತಿಂದು
ಕತ್ತಲೆ ದಾಟುತ್ತದೆ.
ಹೊಸ ಹಳಿ ಬಿದ್ದ ಮೇಲೆ ಫಾಸ್ಟು ಸುರಂಗ ಬಿಟ್ಟು
ಮುಂಬ್ರಾದ ಪಕ್ಕದಿಂದ ಹೋಗುತ್ತಿದೆ.
ನಾನಿನ್ನೂ ಇಪ್ಪತ್ನಾಲ್ಕರಲ್ಲೇ ಇದ್ದೇನೆ.

ಇಪ್ಪತ್ನಾಲ್ಕರಲ್ಲಿ ಮೊದಲು ಹೋಗುವುದು ಮಹಾಪ್ರಾಣ.
ಕಥೆ ಕತೆಯಾಗುತ್ತದೆ, ಫಲ ಪಲ,
ಶ ಷ ಸ ಮೂರೂ ಒಂದೇ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತವೆ.
ಮೊನ್ನೆ "ಶಾಲೆ ಇಲ್ಲದ ಊರು" ಅಂದದ್ದನ್ನು
"ಸಾಲ ಇಲ್ಲದ ಊರು" ಎಂದು ಕೇಳಿಸಿಕೊಂಡು
ಕಳವಾ ದಾಟುವ ತನಕ ಸಂತೋಷಪಟ್ಟೆ.

ಗೊತ್ತಿದ್ದೂ ಮಾಡುವ ತಪ್ಪು. ನನ್ನ ಕಸುಬೇ ಕಿವಿ.
ಸಯನ್ನಿನ ಆಸ್ಪತ್ರೆಯೊಂದರಲ್ಲಿ
ಗಾಜಿನಾಚೆ ಜನರನ್ನು ಕೂರಿಸಿ ಪೀಂ ಅನ್ನಿಸುತ್ತೇನೆ,
ಕೇಳಿದರೆ ಕೈ ಎತ್ತಿ ಅನ್ನುತ್ತೇನೆ,
ಎತ್ತದ ಕಡೆ ಚುಕ್ಕಿ ಕೆಳಗಿಡುತ್ತೇನೆ.

ಅಮೋಗಿ ತಳವಾರ, ಎಪ್ಪತ್ತೊಂದು, ಅಕ್ಕಲಕೋಟೆ ಕಡೆಯವರು.
ಲಾಲ್‌ಬಾಗಿನ ಗಿರಣಿ, ಮಗ್ಗದ ಖಾತೆ, ಹನ್ನೊಂದು ವರ್ಷ.
ನಾಲ್ಕು ಸಾವಿರದ ಕಂಪನದ ಹತ್ತಿರ
ಅವರ ಗೆರೆ ಕೊಡ ಜಾರಿದಂತೆ ಬಾವಿಗೆ ಬೀಳುತ್ತದೆ.
ಕನ್ನಡ ಕೇಳಿ ಎಷ್ಟು ದಿನವಾಯಿತೋ ಎಂದು
ನನ್ನ ಮೊಬೈಲನ್ನೇ ಅವರ ಕಿವಿಗೆ ಹಿಡಿದೆ,
ಮೊದಲು ಇಪ್ಪತ್ನಾಲ್ಕು, ಆಮೇಲೆ ನೂರಿಪ್ಪತ್ತೆಂಟು.
"ಎರಡೂ ಒಂದ ಅದಾವಲ್ರಿ ಅಕ್ಕಾರ."

ಒಂದೇ ಅಲ್ಲ ಕಾಕಾ, ಅನ್ನಲು ಬಾಯಿ ತೆರೆದಿದ್ದೆ.
ಗಿರಣಿ ಎಂದೋ ಅವರಿಗೆ ಸಣ್ಣದನ್ನು ಗೊತ್ತು ಮಾಡಿತ್ತು.
ಎಷ್ಟು ಬೇಕು ಎಂದು
ಯಾರೂ ಕೇಳಿರಲಿಲ್ಲ.

"ಈ ಓದಾಂವ ಉಸುರ ತಗೊಳ್ಳೂದು ತಡಾ ಮಾಡ್ತಾನ ನೋಡ್ರಿ,"
ಅಂದರು ಅವರು, ಕಣ್ಣು ಮುಚ್ಚಿ.
"ನಮ್ಮ ಖಾತ್ಯಾಗ ಯಾರ ದನೀನೂ ಕೇಳತಿದ್ದಿಲ್ಲ.
ತುಟಿ ನೋಡ್ತಿದ್ವಿ. ತುಟಿ ಕಾಣದಿದ್ರ
ಎದಿ ಏರೂದು ನೋಡ್ತಿದ್ವಿ.
ಇಂವಗ ಇನ್ನೆರಡ ಸಾಲಿಗೆ ಕೆಮ್ಮ ಬರತೈತಿ."
ಮೂರನೆಯ ಸಾಲಿಗೆ ಬಂತು.

ಭಾನುವಾರ ಮನೆಯಲ್ಲಿ ವೈಫೈ. ನೂರಿಪ್ಪತ್ತೆಂಟು ಒತ್ತಿದೆ.
ಥಕಾರ ಠಕಾರ ಎಲ್ಲಾ ತಲೆ ಬಾಚಿಕೊಂಡು ಬಂದವು.
ಜೊತೆಗೆ ಕುರ್ಚಿ ಬಂತು, ಕಿರ್ರೆನ್ನುತ್ತ.
ಹಾಳೆ ಮಗುಚಿತು, ಫ್ಯಾನು ಎಲ್ಲೋ ತಾಗುತ್ತಿತ್ತು,
ಆಚೆ ಕೋಣೆಯಲ್ಲಿ ಕುಕ್ಕರು ಎರಡು ಸಲ ಕೂಗಿತು.
ಒಣಗಿದ ನಾಲಿಗೆ ಅಂಗಳಿಗೆ ಅಂಟಿ ಬಿಡುವ ಸದ್ದು ಬಂದಾಗ
ಬಾಗಿಲು ತಟ್ಟದೆ ಒಳಗೆ ಹೊಕ್ಕೆನೇನೋ ಅನ್ನಿಸಿ
ಅರವತ್ನಾಲ್ಕಕ್ಕೆ ಇಳಿಸಿದೆ.
ಕುರ್ಚಿ ಹೋಯಿತು, ಥ ಉಳಿಯಿತು.
ಸಾಕು, ಮರ್ಯಾದೆಯ ದೂರ ಅಂದರೆ ಇಷ್ಟೇ ಇರಬೇಕು.

ಸೋಮವಾರ. ಏಳೂ ನಲವತ್ತೆರಡು. ಮತ್ತೆ ಇಪ್ಪತ್ನಾಲ್ಕು,
ಗಂಟೆಗೆ ಐವತ್ತೆಂಟು ಎಂಬಿಯ ಬದಲು ಹನ್ನೊಂದು.
ಮುಂಬ್ರಾದ ತಿರುವಿನಲ್ಲಿ ಅವರು ಒಂದು ಪದದ ಮುಂದೆ ತಡೆದರು.
ನಾನೂ ತಡೆದೆ.
ಪಕ್ಕದ ಹೂವಿನ ಬುಟ್ಟಿಯವಳು ನನ್ನ ಮುಖ ನೋಡಿ
"ಕಾಯ್ ಝಾಲಂ?" ಅಂದಳು.
ಏನಿಲ್ಲ, ಈಗ ಕೆಮ್ಮುತ್ತಾರೆ ಅಂದೆ,
ಯಾವ ಭಾಷೆಯಲ್ಲಿ ಅಂದೆನೋ.