ಶಿರಹಟ್ಟಿ ಬಸ್ಸಿನ್ಯಾಗ ಸಿಕ್ಕ ಕಾದಂಬರಿ

ಕೊನೀ ಸೀಟಿನ ಸಂದಿನ್ಯಾಗ ಸಿಕ್ಕಿತ್ತು.
ಹಸರು ರಟ್ಟು, ಮೂಲಿ ಮಡಚಿದ ಹಾಳಿ,
ಒಳಗ ಯಾರದೋ ಹಾಲ್‌ಟಿಕೆಟ್ಟಿನ ಝೆರಾಕ್ಸು.
ಸಿಕ್ಕ ಸಾಮಾನು ಅವತ್ತ ಡಿಪೋಕ್ಕ ಒಪ್ಪಸಬೇಕು, ಅದು ನೇಮ.
ನಾ ನಾಕು ದಿನ ತಡಾ ಮಾಡೀನಿ.
ಬರಕೊಳ್ರಿ ಕಂಟ್ರೋಲರ್ ಸಾಹೇಬ್ರ, ತಪ್ಪು ನಂದ.

ಕುಂದಗೋಳದಾಗ ಎರಡು ಹಾಳಿ,
ಗುಡಗೇರಿ ರೈಲ್ವೆ ಗೇಟು ಬಿದ್ದಾಗ ಐದು,
ಲಕ್ಷ್ಮೇಶ್ವರದಾಗ ಡ್ರೈವರ್ ನಿಂಗನಗೌಡ್ರು
ಚಾ ಕುಡದು ಬರೂತನಾ ಒಂದು ಅಧ್ಯಾಯ.
ಗುರುತಿಗೆ ಟಿಕೀಟು ಇಟಗೊಂತ ಓದೀನಿ.
ಹದಿನಾರರ ಹುಡುಗಿ, ಹದಿನೇಳರ ಹುಡುಗ,
ಇಬ್ಬರಿಗೂ ದೊಡ್ಡ ಬ್ಯಾನಿ.

ಏನ ಮಾತಾಡ್ತಾವ್ರೀ ಆ ಹುಡುಗ್ರು!
ಸಾವಂದ್ರ ಏನು, ಆಕಾಶ ಯಾಕ ಇಷ್ಟು ದೊಡ್ಡದು,
ಒಂದೊಂದು ಮಾತೂ ಅಂಚು ಮಡಚಿ ಹೊಲದಾಂಗ.
ಸಲೈನ್ ಹಚಕೊಂಡವರು ಹಂಗ ಮಾತಾಡೂದಿಲ್ಲ.
ನನಗ ಗೊತ್ತು.
ಹತ್ತನೇತ್ತೆ ಇದ್ದಾಗ ನನ್ನ ಕುತಗಿ ಬಾಜೂಕ
ಲಿಂಬಿಕಾಯಿಯಷ್ಟು ಗಂಟು ಎದ್ದಿತ್ತು.
ಹುಬ್ಬಳ್ಳಿ ದವಾಖಾನ್ಯಾಗ ಎಂಟು ತಿಂಗಳು.

ಅಲ್ಲಿ ನಾವು ಮಾತಾಡಿದ್ದು
ಕೆಳಗ ಗಿರಮಿಟ್ಟಿನ ಗಾಡಿಂದ ಬರೂ
ಉಳ್ಳಾಗಡ್ಡಿ ವಾಸನಿ ಬಗ್ಗೆ.
ತಿಂದ್ರ ಕಾರಕೊಂತಿದ್ವಿ, ಆದ್ರೂ ಅದರ ಬಗ್ಗೇನ.
ಗಣಿತದ ಗೈಡಿನ ಬಗ್ಗೆ.
ಯಾರ ಕೂದಲಾ ಮೊದಲ ಉದರತಾವ ಅಂತ ಪಂದ್ಯಾ ಕಟ್ಟಿದ್ವಿ.
ನಾ ಗೆದ್ದೆ. ನಾಕು ಪೆಪ್ಪರಮಿಂಟು.

ಕೊಟ್ಟಾಂವಾ ಫಕ್ಕೀರೇಶ, ಶಿರಹಟ್ಟಿಯಾಂವಾ,
ಮೊಣಕಾಲಿನ ಎಲುಬಿನ್ಯಾಗ ಬ್ಯಾನಿ.
ಕಿಡಕ್ಯಾಗ ಕುಂತು ಗೂಡ್ಸ್ ಗಾಡಿ ಡಬ್ಬಿ ಎಣಸಾಂವಾ,
ನಲವತ್ತೆಂಟು, ನಲವತ್ತೊಂಬತ್ತು,
ಸೂಜಿ ಚುಚ್ಚಿದ್ರೂ ಲೆಕ್ಕ ತಪ್ಪತಿದ್ದಿಲ್ಲ.
ಪ್ರೀತಿ? ಏ, ಇಲ್ರಿ.
ಅವನ ಮ್ಯಾಲೆ ನನಗ ಸಿಟ್ಟಿತ್ತು.
ನನ್ನ ಗೈಡಿನ್ಯಾಗ ಪೆನ್ನಿಲೆ ಉತ್ತರಾ ಬರದಿದ್ದ,
ಅರ್ಧಕ್ಕರ್ಧ ತಪ್ಪು.

ಕಾದಂಬರ್ಯಾಗ ಆ ಹುಡುಗ ಸಾಯಾಕ
ಒಂದು ಪೂರಾ ಅಧ್ಯಾಯ ತಗೋತಾನ.
ಯಾರೋ ಕಿಡಕಿ ತಗೀತಾರ, ಬೆಳಕು ಬರತೈತಿ,
ಹೇಳೂದು ಉಳದದ್ದೆಲ್ಲಾ ಹೇಳಿ ಮುಗಸತಾರ.
ನಮ್ಮ ವಾರ್ಡಿನ್ಯಾಗ ಒಂದು ಸೋಮವಾರ
ನಾ ಎಕ್ಸರೇಕ್ಕ ಹೋಗಿ ಬರೂದ್ರಾಗ
ಅವನ ಕಾಟಿಗೆ ಹೊಸಾ ಚಾದರ.
ಎಲ್ಲಿ ಅಂವಾ, ಅಂದೆ.
"ಊರಿಗ್ಹೋದ" ಅಂದ್ಲು ಆಯಾ ದ್ಯಾಮವ್ವ, ಅರಬಿ ಹಿಂಡಕೋತ.
ಊರಿಗೆ. ಹೆಂಗ? ಕುಂತೋ, ಮಲಗಿಯೋ?
ಕೇಳಲಿಲ್ಲ. ಹದಿನೈದು ವರ್ಷದಾಕಿ ನಾನು.

ಇಪ್ಪತ್ತಾರು ವರ್ಷಾತು.
ದಿನಕ್ಕ ಎರಡು ಸರತಿ ಶಿರಹಟ್ಟಿಗೆ ಬರತೀನಿ.
ಶಿರಹಟ್ಟಿ, ಶಿರಹಟ್ಟಿ, ಯಾರ್ರೀ ಶಿರಹಟ್ಟಿ,
ನನ್ನ ಬಾಯಿಲೇನ ಒದರತೀನಿ.
ಹನ್ನೊಂದು ಮಿನಿಟು ಹಾಲ್ಟು.
ಸ್ಟ್ಯಾಂಡಿನ ಗೇಟು ಮಾತ್ರ ಒಂದಿನಾನೂ ದಾಟಿಲ್ಲ.
ಆ ಊರಾಗ ಫಕ್ಕೀರೇಶಂದ್ರ ಓಣಿಗೆ ಹತ್ತು ಮಂದಿ.
ಕಾಲು ಎಳಕೋತ ಯಾರರ ಗಂಡಸು ಬಸ್ಸು ಹತ್ತಿದ್ರ
ಚಿಲ್ಲರ ಎರಡು ಸಲ ಎಣಸತೀನಿ,
ಮಾರಿ ನೋಡಾಕ.
ಅಷ್ಟ.

ಒಂದು ಕಡೆ ಮಾತ್ರ ಬರದಾಕಿ ನನ್ನ ಕೈ ಹಿಡದ್ಲು.
ಇನ್ನೂರಾ ಹನ್ನೆರಡನೇ ಹಾಳಿ.
ನಡುರಾತ್ರ್ಯಾಗ ಹುಡುಗಿ ಎದ್ದು, ಸಲೈನಿನ ಕಂಬ ತಳ್ಳಿಕೋತ ಹೋಗಿ,
ಹುಡುಗನ ಚಪ್ಪಲಿ ತಿರುಗಿಸಿ ಜೋಡಸತಾಳ,
ಮುಂಜಾನೆ ಇಳದಾಗ ಕಾಲಿಗೆ ಸೀದಾ ಸಿಗಲಿ ಅಂತ.
ಮಾತಿಲ್ಲ. ಹೋಗಿ ಮಲಗತಾಳ.
ಇದನ್ನ ಬರದಾಕಿ ಯಾವುದೋ ವಾರ್ಡಿನ್ಯಾಗ ಇದ್ದಾಳ,
ಇಲ್ಲಾ, ಯಾರದರ ಕಾಟಿನ ಕೆಳಗ ನೋಡ್ಯಾಳ.
ಅವತ್ತು ಎರಡು ಟಿಕೀಟು ತಪ್ಪು ತಗದೆ,
ಕೈಯಿಂದ ರೊಕ್ಕಾ ತುಂಬೀನಿ.

ನಿನ್ನೆ ಗುಡಗೇರಿ ಗೇಟಿನ್ಯಾಗ
ಕಲ್ಲಿದ್ದಲಿ ಗಾಡಿ ಬಂತು.
ಮಂದಿ ಬೈಕೋತ ಕುಂತಿದ್ರು, ನಾ ಎಣಸಿದೆ.
ಮೂವತ್ತೇಳಕ್ಕ ಒಬ್ಬ ಮುದುಕಿ
"ಯವ್ವಾ, ಸಂಶಿ ಹೋತೇನ" ಅಂತ ತೋಳು ಜಗ್ಗಿದ್ಲು.

ಬರಕೊಳ್ರಿ ಸಾಹೇಬ್ರ:
ಪುಸ್ತಕ ಒಂದು, ಹಾಳಿ ಪೂರಾ ಅದಾವ.
ಯಾರರ ಕಾಲೇಜು ಹುಡುಗಿ ಕೇಳಿಕೊಂಡು ಬಂದಾಳು.
ಇನ್ನೂರಾ ಹನ್ನೆರಡರಾಗ ನಂದೊಂದು ಟಿಕೀಟು ಉಳದೈತಿ.
ತಗೀಬ್ಯಾಡ್ರಿ, ಇರಲಿ.