ಬಂಗಡೆ ನೂರಕ್ಕೆ ಆರು

ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಐದು ದಿನ,
ಬೈತಖೋಲದ ದೋಣಿಗಳೆಲ್ಲ ಹೊರಗೆ.
ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ ನಾನು, ಒಂದು ಸರ್ವರ್,
ಕೆಳಗೆ ಮಂಜುಗಡ್ಡೆ ಒಡೆಯುವ ಸದ್ದು.
ಇನ್ನೊಂದು ಸರ್ವರ್ ಕುಮಟೆಯಲ್ಲಿ,
ರುಜಾರ್ ಫರ್ನಾಂಡಿಸನ ಬಾಡಿಗೆ ಕೋಣೆಯಲ್ಲಿ, ಫ್ಯಾನಿನ ಕೆಳಗೆ.
ದೋಣಿಗೆ, ಐಸಿಗೆ, ಆಸ್ಪತ್ರೆಗೆ ಎಲ್ಲಕ್ಕೂ ಸಂಘದ ಒಂದೇ ನಂಬರು.
ಬರುವ ಕರೆ ಒಂದು ಇಲ್ಲಿಗೆ, ಒಂದು ಅಲ್ಲಿಗೆ.
ಒಬ್ಬ ಬಿದ್ದರೆ ಇನ್ನೊಬ್ಬ ಎರಡೂ ಹೊರೆ ಹೊರಬೇಕು:
ಹಾಗೆಂದು ಚಿತ್ರ ಬರೆದು ತೋರಿಸಿದವನು ನಾನೇ.

ಆ ವಾರ ದೂರು: ಕರೆ ಹೋಗುತ್ತದೆ, ದನಿ ಇಲ್ಲ.
ಪರದೆ ಮೇಲೆ ಎರಡೂ ದೀಪ ಹಸಿರು.
ಐದೈದು ಸೆಕೆಂಡಿಗೆ ಕುಮಟೆಯನ್ನು ಕೇಳುತ್ತೇವೆ, ಇದ್ದೀಯಾ?
ಇದ್ದೇನೆ, ಅನ್ನುತ್ತದೆ ಅದು, ಚೂರೂ ತಡಮಾಡದೆ.
ಮೂಕ ಕರೆ ಬಂದರೆ ಕಡಲಲ್ಲಿ ಟವರ್ ಇಲ್ಲ ಅಂದುಕೊಂಡು
ನಾವೂ ಇಟ್ಟುಬಿಡುತ್ತಿದ್ದೆವು.
ದಾಖಲೆ ಬಿಚ್ಚಿದೆ. ಸ್ವೀಕರಿಸಲಾಗಿದೆ, ಹನ್ನೊಂದು ಸೆಕೆಂಡು.
ಸ್ವೀಕರಿಸಲಾಗಿದೆ, ನಾಲ್ಕು ನಿಮಿಷ.
ಸ್ವೀಕರಿಸಲಾಗಿದೆ, ಒಂಬತ್ತು ಸೆಕೆಂಡು.
ಸರಾಸರಿ ತೆಗೆದರೆ ಚೆನ್ನಾಗಿಯೇ ಇತ್ತು.
ಮೇಲಿನವರಿಗೆ ಸರಾಸರಿ ಕಳಿಸಿದೆ. ಸುಮ್ಮನಾದರು.

ಐಸಿಗೆ ಬಂದ ಲೀಲಾಬಾಯಿ ತಾಂಡೇಲ
ಬುಟ್ಟಿ ಇಳಿಸಿ ಮೆಟ್ಟಿಲ ಬುಡದಿಂದಲೇ ಕೂಗಿದಳು:
"ಅದಕ್ಕೆಂತಾ ತಲೆ ಕೆಡಿಸ್ಕಳ್ತೆ ತಮಾ,
ಮೊದಲನೇ ಫೋನು ಸಮುದ್ರಕ್ಕೆ, ಎರಡನೇದು ನಮಗೆ.
ಬಲೆಯ ಮೊದಲ ಮೀನು ನೀರಿಗೆ ಬಿಡೂದಿಲ್ವ, ಹಂಗೇ.
ನಾವೆಲ್ಲ ಎರಡು ಸಲ ಮಾಡ್ತೇವೆ."
ನಕ್ಕು ಮೆಟ್ಟಿಲು ಹತ್ತುತ್ತ ಅರ್ಧಕ್ಕೆ ನಿಂತೆ.

ಹನ್ನೊಂದು, ಒಂಬತ್ತು, ಹನ್ನೆರಡು ಸೆಕೆಂಡಿನವೆಲ್ಲ ಕುಮಟೆ.
"ಸಿಡಿಲಿಗೆ ರೌಟರ್ ಸುಟ್ಟಿತ್ತು ಮಾರಾಯ,
ಹೊಸದು ಹಾಕಿದೆ," ಅಂದ ರುಜಾರ್, "ಹೇಳ್ಲಿಲ್ವ ನಿಂಗೆ?"
ಕರೆ ಒಳಬರುವ ಒಂದು ಬಾಗಿಲು ತೆರೆದಿದ್ದ.
ದನಿ ಹಾಯುವ ಹತ್ತು ಸಾವಿರ ಬಾಗಿಲು
ಆವತ್ತಿನಿಂದ ಮುಚ್ಚಿಯೇ ಇದ್ದವು.
ಸತ್ತರೆ ಏನು ಮಾಡಬೇಕು, ಅದನ್ನು ಬರೆದಿದ್ದೆವು.
ಇದ್ದೇನೆ ಇದ್ದೇನೆ ಅನ್ನುತ್ತಲೇ ದನಿ ಹೋಗಿದ್ದರೆ?
ಆ ಸಾಲು ಯಾರೂ ಬರೆದಿರಲಿಲ್ಲ. ಯಾರೂ ಅಂದರೆ ನಾನು.

ಸರಿಪಡಿಸಲು ಇಪ್ಪತ್ತು ನಿಮಿಷ. ಎದ್ದು ಹೋಗಬಹುದಿತ್ತು.
ಜನ ಎರಡೆರಡು ಸಲ ಮಾಡುವವರೆಗೆ ಸರದಿ ಕೆಡುವುದಿಲ್ಲ,
ಕುಮಟೆ, ಕಾರವಾರ, ಕುಮಟೆ, ಕಾರವಾರ,
ಪ್ರತಿಯೊಬ್ಬರ ಮೊದಲನೇದು ಮೂಕ, ಎರಡನೇದು ಮಾತು.
ಸೋಮವಾರ ನಡುರಾತ್ರಿ ಎರಡು ಹತ್ತಕ್ಕೆ ಒಂದು ಮೂಕ ಕರೆ.
ಎರಡು ನಲವತ್ತಕ್ಕೆ ಬೇರೆ ಯಾರೋ, ಮೊದಲ ಸಲಕ್ಕೇ ಸಿಕ್ಕಿದ್ದಾರೆ.
ಅಂದರೆ ಅವರ ಪಾಲಿನ ದನಿ ಇವರಿಗೆ ಹೋಯಿತು.
ಎರಡು ಹತ್ತರವರು
ಮತ್ತೆ ಮಾಡಲಿಲ್ಲ.

ಬೆಳಗಾಗಲು ಕಾದು ಆ ನಂಬರಿಗೆ ಹಚ್ಚಿದೆ.
ಮಾಜಾಳಿಯ ಹುಡುಗ. "ಅಪ್ಪಂಗೆ ಎದೆ ಹಿಡಿದಿತ್ತು,
ಗಾಡಿ ಕೇಳುವಾ ಅಂತ ಮಾಡಿದ್ದೆ. ನೀವು ಎತ್ತಿ ಸುಮ್ಮನಿದ್ರಿ,
ನಿದ್ದೆಗಣ್ಣಲ್ಲಿದ್ದೀರಿ ಅಂದ್ಕೊಂಡೆ.
ಪಕ್ಕದವರ ಮೀನಿನ ಟೆಂಪೋದಲ್ಲಿ ಹೋದ್ವು.
ಇಲ್ಲೇ ಚಾ ಕುಡೀತಾ ಇದ್ದಾರೆ, ಕೊಡ್ಲಾ?"
ಬೇಡ ಅಂದೆ.
ಯಾಕೆ ಬೇಡ ಅಂದೆನೋ ಇನ್ನೂ ತಿಳಿದಿಲ್ಲ.

ಈಗ ಇದ್ದೀಯಾ ಎಂದಷ್ಟೇ ಕೇಳುವುದಿಲ್ಲ.
ಅರ್ಧ ನಿಮಿಷಕ್ಕೊಮ್ಮೆ ಒಂದು ಮಾತು ಕಳಿಸುತ್ತೇವೆ,
ಹೋಗಿ ಹಾಗೇ ತಿರುಗಿ ಬರಬೇಕು,
ಬಾರದಿದ್ದರೆ ಕುಮಟೆ ಸರದಿಯಿಂದ ಹೊರಗೆ.
ಮೂರು ಸೆಕೆಂಡಿಗೆ ಏನಾದರೂ ಹೇಳು ಅಂದೆ ಲೀಲಾಬಾಯಿಗೆ.
ನಾಚಿದಳು, ಸೆರಗು ಬಾಯಿಗಿಟ್ಟಳು,
ಆಮೇಲೆ ಇಡೀ ಪೇಟೆಗೆ ಕೇಳುವಂತೆ:
"ಬಂಗಡೆ ನೂರಕ್ಕೆ ಆರು!"
ಅಂಕೋಲೆ ದಾಟಿ, ಗಂಗಾವಳಿ ದಾಟಿ, ಮಿರ್ಜಾನ ದಾಟಿ
ಹಗಲೂ ರಾತ್ರಿ ಹೋಗುತ್ತದೆ, ಬರುತ್ತದೆ.
ಪೇಟೆಯಲ್ಲಿ ಈಗ ನೂರಕ್ಕೆ ಮೂರು.
ಹಳೆ ದರಕ್ಕೆ ಕೊಡು ಅಂದರೆ
"ಕುಮಟೆಗೆ ಹೋಗಿ ತಗಾ" ಅನ್ನುತ್ತಾಳೆ.

ಎಲ್ಲ ಸರಿಯಾಗಿದೆ ಎಂದು ಹತ್ತು ಸಲ ಹೇಳಿದ್ದೇನೆ ಅವಳಿಗೆ.
ಇವತ್ತೂ ರಾತ್ರಿ ಫೋನು ಬಂತು, ಎತ್ತಿದೆ,
"ಹೇಳು ಲೀಲಕ್ಕಾ, ಕೇಳ್ತಾ ಇದೆ," ಅಂದೆ.
ಕಟ್ ಮಾಡಿದಳು.
ಮತ್ತೆ ಮಾಡಿದಳು.